ಅಮ್ಮನ ತಲೆಬುರುಡೆಯ ತಳದಲ್ಲಿ ಗಡ್ಡೆ: ಎರಡನೇ ಸಲ ಬಯಾಪ್ಸಿ ಮಾಡಿಸಬೇಕೇ?

ಶರಾವತಿ ದಂಡೆ:

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 58 ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾಳೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಎಡಗಣ್ಣಿನ ಹಿಂದೆ ನೋವು ಶುರುವಾಯಿತು. ಹಗಲಿನ ಕೆಲಸದಲ್ಲಿ ಅದನ್ನು ಮರೆತಿರುತ್ತಿದ್ದಳು, ರಾತ್ರಿ ಮಲಗಿದರೆ ಎದ್ದು ಕೂರುತ್ತಿದ್ದಳು. ಒಬ್ಬ ವೈದ್ಯರು ಸೈನಸ್ ಎಂದರು, ಇನ್ನೊಬ್ಬರು ಅರೆತಲೆನೋವು ಎಂದರು. ನಡುವೆ ಒಂದು ಹೊಸ ಕನ್ನಡಕವೂ ಆಯಿತು.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ತಿರುವಿನಲ್ಲಿ ಬರುತ್ತಿದ್ದ ಬಸ್ಸು ಎರಡಾಗಿ ಕಾಣುತ್ತಿದೆ ಎಂದಳು. ಅಕ್ಕಿ ಆರಿಸುವಾಗ ಏನೂ ತೊಂದರೆ ಇಲ್ಲ, ಕಲ್ಲು ಒಂದೇ ಕಾಣುತ್ತದೆ. ದೂರದ್ದು, ಅದರಲ್ಲೂ ಎಡಕ್ಕೆ ನೋಡಿದರೆ, ಎರಡು. ಎಂಆರ್‌ಐ ಮಾಡಿಸಿದೆವು. ಕ್ಲೈವಸ್ ಎಂಬ ಮೂಳೆಯಲ್ಲೂ ಅದರ ಪಕ್ಕದ ಎಡ ಕ್ಯಾವರ್ನಸ್ ಸೈನಸ್‌ನಲ್ಲೂ (ಕಣ್ಣಿನ ಹಿಂದೆ ನರಗಳು ಹಾದುಹೋಗುವ ರಕ್ತದ ಗೂಡು) ಏನೋ ಬೆಳೆದಿದೆ ಎಂದು ಬಂತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಟೊಲೋಸಾ-ಹಂಟ್ (ಕಣ್ಣಿನ ಹಿಂದೆ ಕಾರಣ ತಿಳಿಯದೆ ಬರುವ ಉರಿಯೂತ) ಇರಬಹುದು ಎಂದು ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ನಾಲ್ಕನೇ ದಿನಕ್ಕೆ ನೋವೂ ಇಲ್ಲ, ಎರಡು ಬಸ್ಸೂ ಇಲ್ಲ. ನಾವು ಸಿಗಂದೂರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು.

ಏಳು ವಾರಕ್ಕೆ ಎಲ್ಲವೂ ಮರಳಿ ಬಂತು, ಜೊತೆಗೆ ಎಡಗೆನ್ನೆ ಮರಗಟ್ಟಿತು. ಆಗ ಬೇರೆ ಊರಿನಲ್ಲಿ ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಚೂರು ತೆಗೆದರು. ಆ ಹೊತ್ತಿಗೂ ಸ್ಟಿರಾಯ್ಡ್ ನಡೆಯುತ್ತಲೇ ಇತ್ತು. ವರದಿಯಲ್ಲಿ ಬರೆದದ್ದು: ಉರಿಯೂತ, ಜಜ್ಜಿಹೋದ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ), ಕ್ಯಾನ್ಸರ್ ಎಂದು ಖಚಿತವಾಗಿ ಹೇಳಲಾಗದು, ಲಿಂಫೋಮ (ಆ ಕಣಗಳ ಕ್ಯಾನ್ಸರ್) ಅಲ್ಲವೆಂದೂ ಹೇಳಲಾಗದು. ಈಗ ಮತ್ತೊಮ್ಮೆ ಬಯಾಪ್ಸಿ ಬೇಕು ಎನ್ನುತ್ತಿದ್ದಾರೆ. ದೊಡ್ಡಮಾವ "ಕ್ಷಯದ ಮಾತ್ರೆ ಶುರು ಮಾಡಿ ನೋಡೋಣ" ಎನ್ನುತ್ತಾರೆ. ಚಿಕ್ಕಮಾವ "ತಲೆ ತೆರೆದು ಪೂರ್ತಿ ತೆಗೆಸಿಬಿಡಿ, ಚೂರು ಚೂರು ಯಾಕೆ" ಎನ್ನುತ್ತಾರೆ. ಅಮ್ಮ ಮೂಗಿನಲ್ಲಿ ಹತ್ತಿ ತುರುಕಿದ್ದ ಆ ಎರಡು ದಿನಗಳನ್ನು ನೆನೆದರೆ ಅಳುತ್ತಾಳೆ. ಇಂಥದ್ದನ್ನು ಕಂಡವರು, ಅನುಭವಿಸಿದವರು ಇದ್ದರೆ ಹೇಳಿ. ಮತ್ತೆ ಅದೇ ಹಿಂಸೆ ಯಾಕೆ?

ಬಯಲುಸೀಮೆಯವನು:

ನನ್ನ ಅಪ್ಪನ ಕಥೆ ಬೇರೆಯದು, ಆದರೂ ಬರೆಯುತ್ತೇನೆ. 2021ರ ಮೇ ತಿಂಗಳು, ಕೋವಿಡ್ ಮುಗಿಸಿ ಮನೆಗೆ ಬಂದಿದ್ದರು. ಸಕ್ಕರೆ ನಾನೂರರ ಮೇಲೆ. ಕಣ್ಣಿನ ಹಿಂದೆ ನೋವು, ಕೆನ್ನೆ ಜೋಮು, ಎರಡೆರಡು ಕಾಣುವುದು, ಎಲ್ಲವೂ ನೀವು ಬರೆದ ಹಾಗೆಯೇ. ಅದು ಕಪ್ಪು ಶಿಲೀಂಧ್ರ. ಅಪ್ಪನ ಕಣ್ಣು ಉಳಿಯಲಿಲ್ಲ, ಜೀವ ಉಳಿಯಿತು. ಶಿಲೀಂಧ್ರಕ್ಕೆ ಸ್ಟಿರಾಯ್ಡ್ ಎಂದರೆ ಗೊಬ್ಬರ ಹಾಕಿದ ಹಾಗೆ. ನಿಮ್ಮ ತಾಯಿಯದು ಇಷ್ಟು ನಿಧಾನವಾಗಿ ನಡೆದಿದೆ ಎಂದರೆ ಅದಲ್ಲದಿರಬಹುದು. ಆದರೆ ಎರಡನೇ ಸಲ ಚೂರು ತೆಗೆದಾಗ ಶಿಲೀಂಧ್ರಕ್ಕೂ ಕ್ಷಯಕ್ಕೂ ಪರೀಕ್ಷೆಗೆ ಕಳಿಸಿ ಎಂದು ಬಾಯಿಬಿಟ್ಟು ಕೇಳಿ.

ನಿವೃತ್ತ ಗಣಿತ ಮೇಷ್ಟ್ರು:

ಅಮ್ಮಾ, ನಾನು ವೈದ್ಯನಲ್ಲ. ದಾವಣಗೆರೆ ಕಡೆಯ ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಹೇಳಿದವನು. ನಿಮ್ಮ ತಾಯಿಗೆ ಬೆಳೆದಿರುವ ಜಾಗದ ಸುತ್ತಲೇ, ಅಂದರೆ ಕ್ಲೈವಸ್ ಮತ್ತು ಅದರ ಮುಂದೆ, ಮೂಗಿನ ಹಿಂದಿರುವ ಸ್ಫೀನಾಯ್ಡ್ ಸೈನಸ್ ಎಂಬ ಗಾಳಿಗೂಡಿನಲ್ಲಿ, 2018ರಲ್ಲಿ ನನಗೂ ಬೆಳೆದಿತ್ತು. ಹೆಸರು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮ, ಬಿ ಕೋಶ ಎಂಬ ಲಿಂಫೋಸೈಟ್‌ನಿಂದ ಹುಟ್ಟುವ ಬಗೆ. ಆದ್ದರಿಂದ ಇದು ಚಿಕಿತ್ಸೆಯ ಸಲಹೆಯಲ್ಲ, ಒಬ್ಬ ಹಳೆಯ ರೋಗಿಯ ಟಿಪ್ಪಣಿ ಎಂದು ತಿಳಿಯಿರಿ. ಉದ್ದವಾಗುತ್ತದೆ, ಮೇಷ್ಟ್ರ ಚಾಳಿ.

ಮೊದಲು ಆ ಎರಡು ಬಸ್ಸು. ಕಣ್ಣನ್ನು ಹೊರಗಡೆಗೆ ತಿರುಗಿಸುವ ನರ ಆರನೆಯದು. ತಲೆಬುರುಡೆಯೊಳಗೆ ಬಹಳ ದೂರ ಸಾಗಿ, ಕ್ಲೈವಸ್ ಮೂಳೆಯ ಬೆನ್ನಿನ ಮೇಲೇರಿ, ಕ್ಯಾವರ್ನಸ್ ಸೈನಸ್‌ನ ನಡುವೆ ನುಗ್ಗಿ ಕಣ್ಣಿಗೆ ಬರುತ್ತದೆ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆಗೆ ಹೊರಳಿರುತ್ತವೆ, ಆಗ ಈ ನರಕ್ಕೆ ಕೆಲಸ ಕಡಿಮೆ. ದೂರ ನೋಡುವಾಗ, ಅದರಲ್ಲೂ ನೊಂದ ಬದಿಗೆ ನೋಡುವಾಗ, ಅದು ಕೈಕೊಡುತ್ತದೆ. ಅಕ್ಕಿಯ ಕಲ್ಲು ಒಂದೇ, ಬಸ್ಸು ಎರಡು: ನಿಮ್ಮ ತಾಯಿ ಯಾವ ಯಂತ್ರವೂ ಇಲ್ಲದೆ ಜಾಗವನ್ನು ಹೇಳಿಬಿಟ್ಟಿದ್ದಾರೆ. ಕೆನ್ನೆಯ ಜೋಮು ಐದನೆಯ ನರದ ಎರಡನೇ ಕವಲಿನದು, ಅದೂ ಅದೇ ಓಣಿಯ ನೆರೆಮನೆ. ನನಗೆ ಕಪ್ಪುಹಲಗೆಯ ಮೇಲಿನ ಸಮಾನಾಂತರ ರೇಖೆಗಳು ಹಿಂದಿನ ಬೆಂಚಿನ ಬಳಿ ನಿಂತು ನೋಡಿದರೆ ನಾಲ್ಕಾಗುತ್ತಿದ್ದವು, ಹತ್ತಿರ ಹೋದರೆ ಮತ್ತೆ ಎರಡು. ಅದನ್ನು ವಯಸ್ಸು ಎಂದುಕೊಂಡು ಎರಡು ತಿಂಗಳು ಕಳೆದೆ.

ಈಗ ನಿಮ್ಮ ಪ್ರಶ್ನೆ. ಆ ಓಣಿಗೆ ಯಾರು ನುಗ್ಗಿದರೂ ಲಕ್ಷಣ ಒಂದೇ. ಕ್ಷಯ, ಶಿಲೀಂಧ್ರ, ಸಕ್ಕರೆ ಕಾಯಿಲೆಯವರ ಕಿವಿಯಿಂದ ಮೂಳೆಗೆ ಇಳಿಯುವ ಸೋಂಕು, ಮೆದುಳಿನ ಪೊರೆಯ ಗಡ್ಡೆಯಾದ ಮೆನಿಂಜಿಯೋಮ, ಮೂಳೆಯ ಗಡ್ಡೆಯಾದ ಕಾರ್ಡೋಮ, ಮೂಗಿನ ಹಿಂಭಾಗದ ಕ್ಯಾನ್ಸರ್, ಬೇರೆ ಕಡೆಯಿಂದ ಹರಡಿ ಬಂದದ್ದು, ಟೊಲೋಸಾ-ಹಂಟ್. ಲಿಂಫೋಮ ಇವರ ನಡುವೆ ಅಪರೂಪದವನು. ಎಂಆರ್‌ಐ ಸುಳಿವು ಕೊಡುತ್ತದೆ, ಉತ್ತರ ಕೊಡುವುದಿಲ್ಲ. ನನ್ನ ವರದಿಯಲ್ಲಿ 'ಡಿಫ್ಯೂಷನ್ ರಿಸ್ಟ್ರಿಕ್ಷನ್' ಎಂಬ ಮಾತಿತ್ತು. ವೈದ್ಯೆಯೊಬ್ಬರು ವಿವರಿಸಿದರು: ಲಿಂಫೋಮದಲ್ಲಿ ಕೋಶಗಳು ಸಂತೆಯ ದಿನದ ಬಸ್ಸಿನ ಹಾಗೆ ಕಿಕ್ಕಿರಿದಿರುತ್ತವೆ, ನೀರಿನ ಕಣಕ್ಕೂ ಅತ್ತಿತ್ತ ಅಲುಗಾಡಲು ಜಾಗವಿಲ್ಲ, ಸ್ಕ್ಯಾನ್ ಅದನ್ನು ಹಿಡಿಯುತ್ತದೆ. ಮೂಳೆಯನ್ನು ಹೆಚ್ಚು ಪುಡಿಮಾಡದೆ ಅದರೊಳಗೆ ತೂರಿ ಆಚೆ ಬರುವುದೂ ಇದರ ಗುಣವಂತೆ.

ಹಾಗಾದರೆ ಸ್ಟಿರಾಯ್ಡ್ ನಾಲ್ಕು ದಿನದಲ್ಲಿ ವಾಸಿ ಮಾಡಿತಲ್ಲ? ಎಡವುವುದು ಇಲ್ಲಿಯೇ. ಟೊಲೋಸಾ-ಹಂಟ್ ಸ್ಟಿರಾಯ್ಡ್‌ಗೆ ಕರಗುತ್ತದೆ, ನಿಜ. ಲಿಂಫೋಮವೂ ಕರಗುತ್ತದೆ. ಸ್ಟಿರಾಯ್ಡ್ ಲಿಂಫೋಸೈಟ್‌ಗಳನ್ನು ನೇರವಾಗಿ ಕೊಲ್ಲುವ ಔಷಧ. ಲಿಂಫೋಮದ ಚಿಕಿತ್ಸೆಯಲ್ಲೇ ಅದಕ್ಕೊಂದು ಪಾಲಿದೆ. ಆದರೆ ಒಂಟಿಯಾಗಿ ಕೊಟ್ಟರೆ ಪೂರ್ತಿ ಕೊಲ್ಲುವುದಿಲ್ಲ, ಗುರುತು ಅಳಿಸಿ ಹೋಗುತ್ತದೆ. ಉಳಿದ ನಾಲ್ಕಾರು ಕೋಶಗಳು ಮತ್ತೆ ಸಂಸಾರ ಹೂಡುತ್ತವೆ. ಆ ನಡುವೆ ಚೂರು ತೆಗೆದರೆ ಸಿಗುವುದು ಸತ್ತ ಕೋಶ, ಉರಿಯೂತ, ಜಜ್ಜಿದ ಲಿಂಫೋಸೈಟ್. ನಿಮ್ಮ ವರದಿಯಲ್ಲಿ ಇರುವುದು ಅದೇ ಅಲ್ಲವೇ? ಆ ವರದಿ ಸುಳ್ಳಲ್ಲ. ಅಳಿಸಿದ ಹಲಗೆಯನ್ನು ನೋಡಿ ಹಲಗೆ ಖಾಲಿ ಇದೆ ಎಂದು ಬರೆದಿದ್ದಾರೆ, ಅಷ್ಟೇ.

ನನ್ನ ವಿಷಯದಲ್ಲಿ ಒಬ್ಬ ಕಿರಿಯ ವೈದ್ಯೆ ಪುಣ್ಯ ಕಟ್ಟಿಕೊಂಡರು. ನೋವು ತಡೆಯಲಾರದೆ ನಾನು ಸ್ಟಿರಾಯ್ಡ್ ಕೊಡಿ ಎಂದು ಜಗಳ ಆಡಿದೆ, ಊರಿನ ಪರಿಚಯದ ವೈದ್ಯರಿಂದ ಫೋನೂ ಮಾಡಿಸಿದೆ. ಆಕೆ ಜಗ್ಗಲಿಲ್ಲ. "ಗುರುವಾರ ಬಯಾಪ್ಸಿ, ಅಲ್ಲಿಯವರೆಗೆ ಬೇರೆ ನೋವಿನ ಔಷಧ ಕೊಡುತ್ತೇನೆ, ಇದನ್ನು ಕೊಡುವುದಿಲ್ಲ" ಎಂದರು. ಎರಡು ರಾತ್ರಿ ಆಕೆಯನ್ನು ಮನಸಾರೆ ಬೈದೆ. ಗುರುವಾರ ತೆಗೆದ ಚೂರಿನಲ್ಲಿ ಒಂದೇ ಸಲಕ್ಕೆ ಉತ್ತರ ಬಂತು. ಒಂದು ಮಾತು ಸೇರಿಸಬೇಕು: ದೃಷ್ಟಿಯೇ ಹೋಗುತ್ತಿದ್ದರೆ, ಮೆದುಳಿನ ಕಾಂಡದ ಮೇಲೆ ಒತ್ತಡ ಬಿದ್ದಿದ್ದರೆ, ವೈದ್ಯರು ಕಾಯುತ್ತ ಕೂರುವುದಿಲ್ಲ, ಸ್ಟಿರಾಯ್ಡ್ ಕೊಡಲೇಬೇಕಾಗುತ್ತದೆ. ಮೊದಲು ಕೊಟ್ಟವರೆಲ್ಲ ಅಪರಾಧಿಗಳು ಎಂದು ನಾನು ಹೇಳುತ್ತಿಲ್ಲ.

ಆದ್ದರಿಂದ ಎರಡನೇ ಬಯಾಪ್ಸಿ ಹಿಂಸೆಯ ಪುನರಾವರ್ತನೆಯಲ್ಲ. ಈ ಸಲ ಸ್ಟಿರಾಯ್ಡ್ ಇಳಿಸಿ, ನಿಲ್ಲಿಸಿ, ಸ್ವಲ್ಪ ದಿನ ಬಿಟ್ಟು, ಸ್ಕ್ಯಾನ್‌ನಲ್ಲಿ ಮತ್ತೆ ಬೆಳೆದದ್ದನ್ನು ನೋಡಿ ತೆಗೆಯುತ್ತಾರೆಯೇ ಎಂದು ಕೇಳಿ. ಈ ಪ್ರಶ್ನೆ ಬಹಳ ಮುಖ್ಯ. ಆದರೆ ನೀವಾಗಿ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಇಷ್ಟು ವಾರ ನುಂಗಿದ ಮೇಲೆ ದೇಹದ ಸ್ವಂತ ಸ್ಟಿರಾಯ್ಡ್ ಗ್ರಂಥಿ ನಿದ್ದೆ ಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಬಿದ್ದು ಪ್ರಾಣಕ್ಕೇ ಬರಬಹುದು. ವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಿ.

ದೊಡ್ಡಮಾವನಿಗೆ: ಕ್ಷಯ ನಮ್ಮ ದೇಶದಲ್ಲಿ ಸದಾ ಅನುಮಾನಿಸಬೇಕಾದದ್ದೇ. ಆದರೆ ಕ್ಷಯದ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಅಷ್ಟರಲ್ಲಿ ಅದು ಲಿಂಫೋಮವಾಗಿದ್ದರೆ ಕಾಯುವುದಿಲ್ಲ. ಚಿಕ್ಕಮಾವನಿಗೆ: ಸಾಗರದವರಿಗೆ ಅಡಿಕೆಯ ಕೊಳೆರೋಗ ಗೊತ್ತಲ್ಲ? ಕೊಳೆ ಬಿದ್ದ ಒಂದು ಗೊನೆ ಇಳಿಸಿದರೆ ತೋಟ ಉಳಿಯುತ್ತದೆಯೇ? ಬೋರ್ಡೋ ದ್ರಾವಣವನ್ನು ಇಡೀ ತೋಟಕ್ಕೆ ಹೊಡೆಯಬೇಕು. ಲಿಂಫೋಮ ರಕ್ತದ ಬಿಳಿಕಣದ ಕಾಯಿಲೆ. ಅಲ್ಲಿ ಶಸ್ತ್ರಚಿಕಿತ್ಸಕನ ಕೆಲಸ ಒಳ್ಳೆಯ ಚೂರು ತರುವುದು. ಆ ಓಣಿಯಲ್ಲಿ ಕಣ್ಣಿನ ನರಗಳೂ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳವೂ ಇವೆ. ಪೂರ್ತಿ ತೆಗೆಯಲು ಹೋದರೆ ನಷ್ಟ ಖಚಿತ, ಲಾಭವಿಲ್ಲ.

ಹಸಿರೇ ಉಸಿರು:

ಬಯಾಪ್ಸಿ ಮಾಡಿದರೆ ಗಡ್ಡೆ ಕೆರಳಿ ಹರಡುತ್ತದೆ. ಆಸ್ಪತ್ರೆ ಬಿಟ್ಟು ಕಾಶಿ ಕಣಗಿಲೆ ಎಲೆಯ ರಸ ಕುಡಿಸಿ. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು.

ನಿವೃತ್ತ ಗಣಿತ ಮೇಷ್ಟ್ರು:

ಸ್ವಾಮಿ, ಗಿಡದ ಹೆಸರು ಸರಿಯಾಗಿದೆ, ಲೆಕ್ಕ ತಪ್ಪಿದೆ. ನನಗೆ ಪ್ರತಿ 21 ದಿನಕ್ಕೊಮ್ಮೆ ಕೊಟ್ಟ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಮೂಲತಃ ಕಾಶಿ ಕಣಗಿಲೆಯದೇ, 1960ರ ದಶಕದಿಂದ ಬಳಕೆಯಲ್ಲಿದೆ. ಒಂದು ಗ್ರಾಂ ಸಿಗಬೇಕಾದರೆ ನೂರಾರು ಕಿಲೋ ಒಣ ಎಲೆ ಬೇಕು. ಒಂದು ಸಲಕ್ಕೆ ಕೊಡುವುದು ಹೆಚ್ಚೆಂದರೆ ಎರಡು ಮಿಲಿಗ್ರಾಂ, ಅದೂ ರಕ್ತನಾಳಕ್ಕೆ ಮಾತ್ರ. ದಾರಿ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು. ಇಂಥ ವಿಷವನ್ನು ಲೋಟದಲ್ಲಿ ಅಳೆದು ಕುಡಿಸಿ ಎನ್ನುತ್ತೀರಿ. ಗಿಡದಲ್ಲಿ ಇನ್ನೂ ಹತ್ತಾರು ಬೇರೆ ಆಲ್ಕಲಾಯ್ಡ್‌ಗಳು, ಅಂದರೆ ಇಂಥವೇ ತೀಕ್ಷ್ಣ ಸತ್ವಗಳು, ಇವೆ, ಯಾವುದು ಎಷ್ಟು ಎಂದು ನಿಮ್ಮ ಲೋಟಕ್ಕೆ ಗೊತ್ತೇ? ಇನ್ನು ಬಯಾಪ್ಸಿಯಿಂದ ಲಿಂಫೋಮ ಕೆರಳುತ್ತದೆ ಎಂಬುದು ಕಟ್ಟೆಯ ಮೇಲಿನ ಮಾತು.

ಕಡಲತಡಿ ಪ್ರಯೋಗಾಲಯ:

ನಾನು ಕರಾವಳಿಯ ಒಂದು ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ ತಂತ್ರಜ್ಞೆ. ಮೇಷ್ಟ್ರು ಬರೆದದ್ದಕ್ಕೆ ನನ್ನ ಮೇಜಿನ ಕಡೆಯಿಂದ ಸ್ವಲ್ಪ.

ತಲೆಬುರುಡೆಯ ತಳದಿಂದ ನಮಗೆ ಬರುವ ಚೂರು ಸಾಸಿವೆ ಕಾಳಿನಷ್ಟು, ಅದೃಷ್ಟವಿದ್ದರೆ ತೊಗರಿ ಬೇಳೆಯಷ್ಟು. ಲಿಂಫೋಮದ ಕೋಶ ಬಹಳ ಮೆದು. ಚಿಮಟಿಗೆಯಲ್ಲಿ ಗಟ್ಟಿ ಹಿಡಿದರೆ ಸಾಕು, ಗಾಜಿನ ಮೇಲೆ ನೀಲಿ ಗೀರಾಗಿ ಬರುತ್ತದೆ. ನಿಮ್ಮ ವರದಿಯ 'ಜಜ್ಜಿಹೋದ' ಎಂಬ ಪದದ ಹಿಂದೆ ಸ್ಟಿರಾಯ್ಡ್ ಜೊತೆಗೆ ಇದೂ ಇರಬಹುದು. ಒಂದಕ್ಕಿಂತ ಹೆಚ್ಚು ಚೂರು ತೆಗೆಯುವುದು ಒಳ್ಳೆಯದು. ಎಲ್ಲವನ್ನೂ ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವಕ್ಕೆ ಹಾಕಿಬಿಟ್ಟರೆ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡಲಾಗದು, ಕೋಶಗಳನ್ನು ಒಂದೊಂದಾಗಿ ಹರಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿಯೂ ಆಗದು. ಹಸಿಯಾಗಿ ಒಂದಿಷ್ಟು ಬೇರೆ ಡಬ್ಬಿಯಲ್ಲಿ ಹೋಗಬೇಕು. ಲಿಂಫೋಮದ ಅನುಮಾನ ಇದೆ ಎಂದೂ, ಸ್ಟಿರಾಯ್ಡ್ ಯಾವತ್ತಿನಿಂದ ಯಾವತ್ತಿನವರೆಗೆ ತೆಗೆದುಕೊಂಡರು ಎಂದೂ ಕೋರಿಕೆಯ ಚೀಟಿಯಲ್ಲಿ ಬರೆದಿರಲಿ. ಅದಿಲ್ಲದ ಚೀಟಿಗಳೇ ನಮಗೆ ಹೆಚ್ಚು ಬರುತ್ತವೆ.

ಲಿಂಫೋಮ ಎಂದು ಹೇಳಿದರೆ ಮುಗಿಯಲಿಲ್ಲ, ಯಾವ ಲಿಂಫೋಮ ಎಂಬುದು ಬೇಕು. ಕೋಶದ ಮೈಮೇಲಿನ ಸಿಡಿ20 ಎಂಬ ಗುರುತು ಬಣ್ಣ ಹಿಡಿದರೆ ಬಿ ಕೋಶದ ವಂಶ. ಮೂಗಿನ ಕಡೆಯಿಂದ ಬರುವ ಇನ್ನೊಂದು ಬಗೆ ಇದೆ, ಎನ್‌ಕೆ/ಟಿ ಎಂಬ ಬೇರೆ ಬಗೆಯ ಲಿಂಫೋಸೈಟ್‌ನದು. ಅದರಲ್ಲಿ ಸಿಡಿ56 ಮತ್ತು ಎಪ್‌ಸ್ಟೀನ್-ಬಾರ್ ವೈರಸ್ಸಿನ ಗುರುತು ಸಿಗುತ್ತದೆ. ಎರಡಕ್ಕೂ ಔಷಧವೇ ಬೇರೆ. ಎನ್‌ಕೆ/ಟಿ ಬಗೆಗೆ ಸಾಮಾನ್ಯ ಕೀಮೋ ಸರಿಯಾಗಿ ನಾಟುವುದಿಲ್ಲ, ಆಸ್ಪರಾಜಿನೇಸ್ ಸೇರಿದ ಔಷಧಕ್ರಮವೂ ವಿಕಿರಣವೂ ಬೇಕಾಗುತ್ತವೆ. ಹಾಗೆಯೇ ಮೊದಲ ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜುಗಳನ್ನು ಆ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಕೆಲವೊಮ್ಮೆ ಹಳೆಯ ಬ್ಲಾಕ್‌ನ ಇನ್ನಷ್ಟು ಒಳಕ್ಕೆ ಕತ್ತರಿಸಿದಾಗ ಉತ್ತರ ಅಲ್ಲೇ ಕೂತಿರುತ್ತದೆ.

ಶರಾವತಿ ದಂಡೆ:

ಎಲ್ಲರಿಗೂ ಕೈಮುಗಿದೆ. ಮೇಷ್ಟ್ರ ಕೊಳೆರೋಗದ ಉದಾಹರಣೆಯನ್ನು ಓದಿ ಹೇಳಿದಾಗ ಚಿಕ್ಕಮಾವ ಸುಮ್ಮನಾದರು. ಮೇಷ್ಟ್ರೇ, ಲಿಂಫೋಮವೇ ಎಂದಾದರೆ ಮುಂದೆ ಏನೇನು ಇರುತ್ತದೆ? ಹಣ ಎಷ್ಟು? ನಮ್ಮದು ಬಿಪಿಎಲ್ ಕಾರ್ಡು.

ನಿವೃತ್ತ ಗಣಿತ ಮೇಷ್ಟ್ರು:

ಬಿ ಕೋಶದ್ದಾದರೆ ನನ್ನ ದಾರಿ ಹೇಳುತ್ತೇನೆ. ನಿಮ್ಮದು ಬೇರೆಯಾಗಬಹುದು.

ಮೊದಲು ಎಲ್ಲೆಲ್ಲಿ ಇದೆ ಎಂದು ಹುಡುಕಾಟ. ಪೆಟ್ ಸ್ಕ್ಯಾನ್ ಮಾಡಿದರು. ಅದು ಸಕ್ಕರೆಯನ್ನು ಹೀರುವ ಜಾಗವನ್ನು ತೋರಿಸುವ ಪರೀಕ್ಷೆಯಾದ್ದರಿಂದ ನಿಮ್ಮ ತಾಯಿಯ ಸಕ್ಕರೆ ಹತೋಟಿಯಲ್ಲಿರಬೇಕು. ಮೆದುಳೇ ದೊಡ್ಡ ಸಕ್ಕರೆಬುರುಕ, ಹಾಗಾಗಿ ಅದರ ಅಡಿಯಲ್ಲಿರುವುದು ಪೆಟ್‌ನಲ್ಲಿ ಮಸುಕಾಗಬಹುದು. ಎಂಆರ್‌ಐ ಬಿಡುವ ಹಾಗಿಲ್ಲ. ಬೆನ್ನಿನಿಂದ ದ್ರವ ತೆಗೆದು ನೋಡಿದರು. ಹೆಪಟೈಟಿಸ್ ಬಿ ಪರೀಕ್ಷೆ ಮಾಡಿದರು, ಏಕೆಂದರೆ ಮುಂದೆ ಹೇಳುವ ರಿಟುಕ್ಸಿಮ್ಯಾಬ್ ಔಷಧ ಕೊಟ್ಟರೆ ಮಲಗಿರುವ ಆ ವೈರಸ್ ಏಳಬಹುದು. ಹೃದಯದ ಎಕೋ, ಎಚ್‌ಐವಿ. ಎಚ್‌ಐವಿ ಎಂದಾಗ ನನ್ನ ಹೆಂಡತಿ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ. ಎಲ್ಲರಿಗೂ ಮಾಡುತ್ತಾರಮ್ಮಾ, ಗಾಬರಿಯಾಗಬೇಡಿ.

ಚಿಕಿತ್ಸೆ ಆರ್-ಚಾಪ್. ಆರ್ ಎಂದರೆ ರಿಟುಕ್ಸಿಮ್ಯಾಬ್, ಬಿ ಕೋಶದ ಮೈಮೇಲಿನ ಸಿಡಿ20ಯನ್ನು ಹಿಡಿಯುವ ಪ್ರತಿಕಾಯ. ಚಾಪ್ ಹಳೆಯ ನಾಲ್ಕು ಔಷಧಗಳ ಗುಂಪು, ಕೊನೆಯದು ಸ್ಟಿರಾಯ್ಡೇ. 21 ದಿನಕ್ಕೊಂದರಂತೆ ಆರು ಸುತ್ತು. ಮೊದಲ ರಿಟುಕ್ಸಿಮ್ಯಾಬ್ ದಿನ ನನಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ ಬಂತು, ನಿಧಾನ ಮಾಡಿದರು, ಸರಿಹೋಯಿತು. ವಿನ್‌ಕ್ರಿಸ್ಟಿನ್‌ನಿಂದ ಬೆರಳ ತುದಿ ಜೋಮು, ಮಲಬದ್ಧತೆ. ಸೀಮೆಸುಣ್ಣ ಹಿಡಿದದ್ದು ತಿಳಿಯುತ್ತಿರಲಿಲ್ಲ. ಸ್ಟಿರಾಯ್ಡ್‌ನ ಆ ಐದು ದಿನ ನಿಮ್ಮ ತಾಯಿಯ ಸಕ್ಕರೆ ಹಾರುತ್ತದೆ, ಇನ್ಸುಲಿನ್ ಬೇಕಾಗಬಹುದು.

ಮೆದುಳಿನ ನೆರೆಯಲ್ಲೇ ಇದ್ದುದರಿಂದ ನನಗೆ ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧವನ್ನೂ ಕೊಟ್ಟರು. ಇದು ಎಲ್ಲರಿಗೂ ಬೇಕೇ ಎಂಬುದರಲ್ಲಿ ವೈದ್ಯರೊಳಗೇ ಒಮ್ಮತವಿಲ್ಲ, ಕೇಳಿ ತಿಳಿಯಿರಿ. ಆಸ್ಪತ್ರೆಯಲ್ಲೇ ಮಲಗಬೇಕು. ಸೋಡ ಸೇರಿಸಿದ ದ್ರವ ಏರಿಸುತ್ತಾರೆ, ಮೂತ್ರದ ಪಿಎಚ್ 7ಕ್ಕಿಂತ ಕೆಳಗೆ ಬರಬಾರದು. ಆಮೇಲೆ ಫೋಲಿನಿಕ್ ಆಮ್ಲ ಕೊಟ್ಟು ಆರೋಗ್ಯವಂತ ಕೋಶಗಳನ್ನು ಕಾಪಾಡುತ್ತಾರೆ. ಆ ದಿನಗಳಲ್ಲಿ ತಲೆನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗಿಸಬೇಡಿ. ಕೆಲವು ಮಾತ್ರೆಗಳು ಮೆಥೊಟ್ರೆಕ್ಸೇಟ್ ಹೊರಹೋಗದಂತೆ ತಡೆದು ಮೂತ್ರಪಿಂಡ ಕೆಡಿಸುತ್ತವೆ. ನಾನು ಪ್ರತಿ ಸಲದ ಮೂತ್ರದ ಅಳತೆಯನ್ನೂ ಪಿಎಚ್ ಅನ್ನೂ ಹಳೆಯ ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿದೆ. ನರ್ಸ್‌ಗಳು ನಕ್ಕರು. ಮೂರನೇ ದಿನ ಅದೇ ಹಾಳೆ ನೋಡಿ ವೈದ್ಯರು ದ್ರವ ಹೆಚ್ಚಿಸಿದರು.

ಕೊನೆಗೆ ವಿಕಿರಣ. ದಿನಕ್ಕೆ 1.8 ಗ್ರೇ (ವಿಕಿರಣದ ಅಳತೆ), 20 ದಿನ, ಒಟ್ಟು 36. ಮುಖಕ್ಕೆ ಅಚ್ಚು ಹಾಕಿದ ಬಲೆಯ ಮುಖವಾಡ ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು ಅದು. ಹದಿನೇಳರ ಮಗ್ಗಿ ಹೇಳಿಕೊಂಡು ಮಲಗಿರುತ್ತಿದ್ದೆ.

ಹಣ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಲಿ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ, ಅಲ್ಲಿ ವಿಚಾರಿಸಿ. ರಿಟುಕ್ಸಿಮ್ಯಾಬ್ ಒಂದು ಕಾಲದಲ್ಲಿ ನಮ್ಮಂಥವರ ಕೈಗೆ ಎಟುಕದ ಔಷಧವಾಗಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ತನ್ನದೇ ಪ್ರತಿರೂಪ ತಂದ ಮೇಲೆ ಬೆಲೆ ಇಳಿಯಿತು.

ನನ್ನ ಆರನೆಯ ನರ ಪೂರ್ತಿ ಮರಳಲಿಲ್ಲ. ಕನ್ನಡಕದಲ್ಲಿ ಒಂದು ಪ್ರಿಸಂ ಇದೆ. ಅದನ್ನು ತೆಗೆದರೆ ಹುಣ್ಣಿಮೆಯ ದಿನ ನನಗೆ ಎರಡು ಚಂದ್ರ.

ಶರಾವತಿ ದಂಡೆ: (ಆರು ವಾರಗಳ ನಂತರ)

ಮೂರು ವಾರದಲ್ಲಿ ಸ್ಟಿರಾಯ್ಡ್ ಇಳಿಸಿ ನಿಲ್ಲಿಸಿದರು. ಹತ್ತೇ ದಿನಕ್ಕೆ ನೋವು ಬಂತು, ಎಂಆರ್‌ಐನಲ್ಲಿ ಗಡ್ಡೆ ಮೊದಲಿಗಿಂತ ದೊಡ್ಡದು. ಆ ಹತ್ತು ದಿನ ನಾವು ಅಮ್ಮನ ಮುಖ ನೋಡಲಾಗಲಿಲ್ಲ. ಬಯಾಪ್ಸಿಗೆ ನಾಲ್ಕು ಚೂರು ತೆಗೆದರು, ಎರಡು ಡಬ್ಬಿ ಹೋಯಿತು. ಚೀಟಿಯಲ್ಲಿ ಸ್ಟಿರಾಯ್ಡ್‌ನ ತಾರೀಕುಗಳನ್ನು ನಾನೇ ನಿಂತು ಬರೆಸಿದೆ. ಈ ಸಲ ಹತ್ತಿ ಒಂದೇ ರಾತ್ರಿ. ಡಿಫ್ಯೂಸ್ ಲಾರ್ಜ್ ಬಿ ಸೆಲ್, ಸಿಡಿ20 ಇದೆ, ಕೆಐ-67 ಎಂಬುದು ಶೇಕಡಾ 80. ಕ್ಷಯವಿಲ್ಲ, ಶಿಲೀಂಧ್ರವಿಲ್ಲ. ಬೆನ್ನಿನ ದ್ರವ ಶುದ್ಧ, ಪೆಟ್‌ನಲ್ಲಿ ಬೇರೆಲ್ಲೂ ಇಲ್ಲ. 80 ಎಂದಾಗ ಅಮ್ಮ "ಒಳ್ಳೆಯ ಅಂಕವೇ ಬಂತಲ್ಲ" ಎಂದಳು, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೋಮವಾರ ಮೊದಲ ಸುತ್ತು.

ನಿವೃತ್ತ ಗಣಿತ ಮೇಷ್ಟ್ರು:

ನೂರರಲ್ಲಿ 80 ಕೋಶಗಳು ಒಂದು ಎರಡಾಗಿ ಒಡೆಯುವ ಅವಸರದಲ್ಲಿವೆ ಎಂದರ್ಥ. ಈ ಬಗೆಯಲ್ಲಿ ಅದು ಅಪರೂಪದ ಸಂಖ್ಯೆಯೇನಲ್ಲ, ಮತ್ತು ಕೀಮೋ ಹುಡುಕುವುದೂ ಒಡೆಯುತ್ತಿರುವ ಕೋಶಗಳನ್ನೇ. ತಾಯಿಗೆ ಹಾಗೆಯೇ ಹೇಳಿ. ಉಣ್ಣೆಯ ಕಾಲುಚೀಲ, ಒಂದು ಫ್ಲಾಸ್ಕ್, ಎಲ್ಲ ಸ್ಕ್ಯಾನ್‌ಗಳ ಸಿಡಿ ಜೊತೆಗಿರಲಿ. ಔಷಧಗಳಲ್ಲಿ ಒಂದು ದಾಸವಾಳದ ಬಣ್ಣದ್ದು. ಅದು ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಬರುತ್ತದೆ. ರಕ್ತವಲ್ಲ, ಬಣ್ಣ. ಇದನ್ನು ಭಾನುವಾರವೇ ಹೇಳಿಡಿ. ನನಗೆ ಯಾರೂ ಹೇಳಿರಲಿಲ್ಲ, ಮಧ್ಯರಾತ್ರಿ ಶೌಚಾಲಯದಿಂದ ಹೆಂಡತಿಯನ್ನು ಕೂಗಿ ಇಡೀ ವಾರ್ಡನ್ನೇ ಎಬ್ಬಿಸಿದ್ದೆ.